ಕರಾಚಿಯ ದಾರ, ವಿಜಯನಗರದ ಲಂಗ

"ಹೆಂಗಸಿನ ಕೈಲಿ ಅಂಗಡಿ ಆರು ತಿಂಗಳು ನಿಲ್ಲಲ್ಲ, ಬರೆದಿಟ್ಕೊಳ್ಳಿ" ಅಂದವರು ನನ್ನ ಭಾವ, ಗಂಡನ ಅಣ್ಣ. ಗಂಡ ತೀರಿಕೊಂಡ ವರ್ಷ ಒಂದು ಹಳೇ ಮಿಷನ್ ಇಟ್ಟುಕೊಂಡು ವಿಜಯನಗರದಲ್ಲಿ ನಾನು ಲೇಡೀಸ್ ಟೈಲರ್ ಅಂಗಡಿ ತೆರೆದಾಗ ಆಡಿದ ಮಾತು. ನನಗೆ ಅಕ್ಷರ ಬರುವುದಿಲ್ಲ ಅಂತ ಗೊತ್ತಿದ್ದೇ "ಬರೆದಿಟ್ಕೊಳ್ಳಿ" ಅಂದಿದ್ದರು. ಆಮೇಲೆ ಕಡಲೆಕಾಯಿ ಕಟ್ಟಿಕೊಡುವ ಪೇಪರಿನಲ್ಲಿ ಓದು ಕಲಿತೆ. ಪೊಟ್ಟಣದಲ್ಲಿ ಯಾವಾಗಲೂ ಅರ್ಧ ಸುದ್ದಿ ಮಾತ್ರ ಇರುತ್ತಿತ್ತು. ಉಳಿದರ್ಧ ಏನಾಯಿತು ಅನ್ನುವ ಚಡಪಡಿಕೆಯಲ್ಲೇ ಲೈಬ್ರರಿ ಮೆಟ್ಟಿಲು ಹತ್ತಿದ್ದು.

ಇಂಡಿಯಾ ಪಾಕಿಸ್ತಾನದ ಜಗಳ ಗಡಿಯಲ್ಲಿ ನಡೆಯುತ್ತದೆ ಅಂತ ಆ ಪೇಪರುಗಳಲ್ಲಿ ಓದಿದ್ದೇನೆ. ಎಂಬತ್ತರ ದಶಕದಲ್ಲಿ ನಾನು ಕಂಡ ಹಾಗೆ, ಅದು ಹೆಚ್ಚಾಗಿ ನನ್ನ ಅಂಗಡಿಯ ಕಟಿಂಗ್ ಟೇಬಲ್ ಸುತ್ತಲೇ ನಡೆಯಿತು. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು.

ಕಾರಣ ಇಬ್ಬರು. ಒಬ್ಬರು ಅಂಗಡಿಯ ಓನರ್. ಮೇಲಿನ ಮನೆಯಲ್ಲೇ ವಾಸ, ರಿಟೈರ್ಡ್, ದೇಶಭಕ್ತರು. ಹನ್ನೊಂದು ತಿಂಗಳ ಅಗ್ರಿಮೆಂಟು ಕೊಡುವಾಗಲೇ ಬಾಯಿಮಾತಿನ ಷರತ್ತು ಹಾಕಿದ್ದರು: "ನೋಡಮ್ಮಾ, ಆ ದೇಶದ ಗೊಡವೆ ಏನಾದ್ರೂ ಈ ಕಟ್ಟಡದೊಳಗೆ ಬಂತೋ, ಅವತ್ತೇ ಖಾಲಿ." ಇನ್ನೊಬ್ಬರು ನನ್ನ ಕಾಜಾ ಮಾಸ್ಟರ್. ಬಾಪೂಜಿನಗರದ ಸಾಬರು, ಕೈಯಲ್ಲೇ ಗುಂಡಿಯ ಕಾಜಾ ಹೊಲಿಯುವುದರಲ್ಲಿ ಅವರಿಗೆ ಸಮ ಇರಲಿಲ್ಲ. ಅವರನ್ನು ನೋಡಿಯೇ ಓನರಿಗೆ ಆ ಷರತ್ತು ಹೊಳೆದದ್ದು. ಇತ್ತ ಭಾವ, ನಾನು ಖಾಲಿ ಮಾಡಿದರೆ ಅಲ್ಲಿ ಮಗನಿಗೆ ಕ್ಯಾಸೆಟ್ ಅಂಗಡಿ ಹಾಕಿಕೊಡುವ ಲೆಕ್ಕದಲ್ಲಿ ತಿಂಗಳಿಗೊಮ್ಮೆ ಬಂದು ಓನರ ಯೋಗಕ್ಷೇಮ ವಿಚಾರಿಸಿಕೊಂಡು ಹೋಗುತ್ತಿದ್ದರು.

ಗುಪ್ತ ಸಂದೇಶ

ಮಾಸ್ಟರ ತಂಗಿ ಕರಾಚಿಯಲ್ಲಿದ್ದಳು. ದೇಶ ಇಬ್ಭಾಗವಾದಾಗ ಅತ್ತ ಹೋದ ನೆಂಟರ ಮನೆಗೆ ಸೊಸೆಯಾಗಿ ಹೋದವಳು. ಮಗಳ ಮದುವೆಗೆ ಮೈಸೂರು ರೇಷ್ಮೆಯ ಉಡುಪೇ ಆಗಬೇಕು, ಬೆಂಗಳೂರಲ್ಲೇ ಹೊಲಿಯಬೇಕು ಅಂತ ಹಟ ಹಿಡಿದು ಕಾಗದ ಬರೆದಳು. ಅಳತೆ ಬೇಕಲ್ಲ. ನಾನು ಟೇಪಿನ ಅಂಕಿ ಓದಲು ಬರದ ಕಾಲದಿಂದ ದಾರದಲ್ಲೇ ಅಳೆದವಳು: ಒಂದು ದಾರ, ಅದರ ತುದಿಯಿಂದ ಅಳೆದು ತೋಳಿಗೆ ಒಂದು ಗಂಟು, ಸೊಂಟಕ್ಕೆ ಜೋಡಿಗಂಟು, ಎದೆಗೆ ಮೂರು ಗಂಟು. ಹಾಗೇ ಗಂಟು ಹಾಕಿ ಲಕೋಟೆಯಲ್ಲಿ ಕಳಿಸಲಿ ಅಂತ ಮಾಸ್ಟರ ಕೈಲಿ ಬರೆಸಿದೆ.

ದಾರ ಬಂತು. ಜೊತೆಗೆ ಮಫ್ತಿಯಲ್ಲಿ ಒಬ್ಬ ಪೊಲೀಸ್ ಅಧಿಕಾರಿಯೂ ಬಂದರು. ಲಕೋಟೆ ಒಡೆದಿತ್ತು. ದಾರವನ್ನು ಚಿಮುಟದಲ್ಲಿ ಹಿಡಿದಿದ್ದರು.

"ಇದೇನು ಕೋಡು? ಇಲ್ಲಿ ಒಂದು ಗಂಟು, ಇಲ್ಲಿ ಎರಡು, ಇಲ್ಲಿ ಮೂರು. ನಮ್ಮ ಆಫೀಸಲ್ಲಿ ನಾಲ್ಕು ದಿನದಿಂದ ಕೂತಿದೀವಿ."

"ಸಾರ್, ಮೂರು ಗಂಟು ಅಂದ್ರೆ ಎದೆ" ಅಂದೆ.

"ಯಾರ ಎದೆ?"

"ಮದುವಣಗಿತ್ತಿದು, ಸಾರ್."

ನಂಬಲಿಲ್ಲ. ಕೊನೆಗೆ ಒಂದು ದಾರ ಕತ್ತರಿಸಿ, "ಕೈ ಎತ್ತಿ ಸಾರ್" ಅಂತ ಅವರನ್ನೇ ಅಳೆದು ಗಂಟು ಹಾಕಿ ತೋರಿಸಿದೆ. ಎದೆಯ ಗಂಟಿಗಿಂತ ಹೊಟ್ಟೆಯ ಗಂಟು ಮುಂದಕ್ಕೆ ಬಂತು. ಅದನ್ನು ನೋಡಿದ ಮೇಲೆ ತನಿಖೆ ಮುಂದುವರಿಸುವ ಉತ್ಸಾಹ ಅವರಿಗೆ ಉಳಿಯಲಿಲ್ಲ.

ಮುಂದಿನ ವಾರ ಮತ್ತೆ ಬಂದರು. ಆಚೀಚೆ ನೋಡಿ, ಜೇಬಿನಿಂದ ಮಡಿಸಿದ ಕಾಗದ ತೆಗೆದು ಟೇಬಲ್ ಮೇಲೆ ಸರಿಸಿದರು. ಒಳಗೆ ಗಂಟು ಹಾಕಿದ ದಾರ.

"ನಮ್ಮನೆಯವರ ಬ್ಲೌಸಿಗೆ. ಶುಕ್ರವಾರಕ್ಕೆ ಬೇಕು. ಈ ವಿಷಯ ಇಲ್ಲೇ ಇರಲಿ."

ಜಿಲೇಬಿ

ಕ್ರಿಕೆಟ್ ಮ್ಯಾಚ್ ಇದ್ದ ದಿನ ಓನರು ಮನೆಯ ಟೀವಿ ಬಿಟ್ಟು ನನ್ನ ಅಂಗಡಿಗೆ ಬಂದು ರೇಡಿಯೋ ಕೇಳುತ್ತಿದ್ದರು. ಕಿವಿ ಕಾಮೆಂಟರಿ ಕಡೆ, ಕಣ್ಣು ಮಾಸ್ಟರ ಮುಖದ ಕಡೆ. ನಮ್ಮ ವಿಕೆಟ್ ಬಿದ್ದಾಗ ಈ ಮನುಷ್ಯ ನಗುತ್ತಾನೋ ಅಂತ. ಮಾಸ್ಟರಿಗೆ ಕ್ರಿಕೆಟ್ ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ಅವರದೆಲ್ಲ ಗರಡಿ, ಕುಸ್ತಿ. ಆದರೂ ಅನುಮಾನ ಏತಕ್ಕೆ ಬೇಕು ಅಂತ, ಇಂಡಿಯಾ ಗೆದ್ದಾಗಲೆಲ್ಲ ಸ್ವಂತ ದುಡ್ಡಲ್ಲಿ ಕಾಲು ಕೆಜಿ ಜಿಲೇಬಿ ತಂದು ಮೊದಲು ಓನರ ಮುಂದೆ ಹಿಡಿಯುತ್ತಿದ್ದರು.

ಓನರಿಗೆ ಸಕ್ಕರೆ ಕಾಯಿಲೆ. ಮೇಲೆ ಮನೆಯಲ್ಲಿ ಹೆಂಡತಿ ಕಾಫಿಗೂ ಸಕ್ಕರೆ ಹಾಕುತ್ತಿರಲಿಲ್ಲ. "ದೇಶ ಗೆದ್ದಿದೆ, ಬೇಡ ಅನ್ನೋಕಾಗಲ್ಲ" ಅಂತ ಇಲ್ಲಿ ಎರಡೆರಡು ತಿನ್ನುತ್ತಿದ್ದರು.

ಆಮೇಲೆ ಕಾಲ ಕೆಟ್ಟಿತು. ಆ ಮರಳುಗಾಡಿನ ಊರಿನಲ್ಲಿ ಕೊನೆಯ ಬಾಲಿಗೆ ಸಿಕ್ಸ್ ಹೊಡೆಸಿಕೊಂಡೆವಲ್ಲ, ಅಲ್ಲಿಂದ ನಮ್ಮವರು ಸೋತದ್ದೇ ಹೆಚ್ಚು. ಜಿಲೇಬಿ ನಿಂತುಹೋಯಿತು. ಹಾಗೆ ಸೋತ ಒಂದು ಸಂಜೆ ರೇಡಿಯೋ ಆರಿಸಿದ ಮೇಲೂ ಓನರು ಸ್ಟೂಲಿನಿಂದ ಏಳಲಿಲ್ಲ. ಬಾಗಿಲ ಕಡೆ ನೋಡಿದರು, ಮಾಸ್ಟರ ಕಡೆ ನೋಡಿದರು, ಗಂಟಲು ಸರಿ ಮಾಡಿಕೊಂಡರು.

"ಏನ್ ಸಾಬರೇ, ನ್ಯಾಯವಾಗಿ ಹೇಳ್ಬೇಕು ಅಂದ್ರೆ ಅವ್ರೂ ಚೆನ್ನಾಗೇ ಆಡಿದ್ರು. ಇವತ್ತು ಏನೂ ತರಲ್ವಾ?"

ಬಾಂಬೆ ಕಟ್

ಮದುವೆ ಉಡುಪು ಕರಾಚಿಯಲ್ಲಿ ಮೆಚ್ಚುಗೆಯಾಯಿತು. ತಂಗಿ ಪ್ರೀತಿಯಿಂದ ನನಗೊಂದು ಅಲ್ಲಿನ ಕಮೀಜು ಕಳಿಸಿದಳು. ನಾನು ಸೀರೆಯವಳು, ತೊಡುವುದು ಎಲ್ಲಿ. ಹೊಲಿಗೆಯನ್ನೆಲ್ಲ ಬಿಚ್ಚಿ, ತುಂಡು ತುಂಡಾಗಿ ಪೇಪರ್ ಮೇಲೆ ಹರವಿ, ಕಟಿಂಗ್ ಕಲಿತೆ. ಅಂಥ ಇಳಿಜಾರು ಭುಜ ನಮ್ಮ ಕಡೆ ಯಾರಿಗೂ ಗೊತ್ತಿರಲಿಲ್ಲ. ಕರಾಚಿ ಕಟ್ ಅಂದರೆ ಅಂಗಡಿ ಹೋಗುತ್ತದೆ. ಅದಕ್ಕೆ ಬಾಂಬೆ ಕಟ್ ಅಂದೆ. ರಾಜಾಜಿನಗರದಿಂದ ಕೆಂಗೇರಿವರೆಗೂ ಕಾಲೇಜು ಹುಡುಗಿಯರು ಹುಡುಕಿಕೊಂಡು ಬಂದರು.

ಓನರ ಮಗಳು ಎಂಗೇಜ್‌ಮೆಂಟಿನ ಸಂಜೆಗೆ ಅದನ್ನೇ ಹೊಲಿಸಿದಳು. ಓನರು ನೆಂಟರೆದುರು ಮಗಳನ್ನು ಒಂದು ಸುತ್ತು ತಿರುಗಿಸಿ ತೋರಿಸಿದರು. "ಬಾಂಬೆಯವರ ಕೈ ಅಂದ್ರೆ ಕೈ. ಆ ದೇಶದವರು ತಲೆಕೆಳಗಾಗಿ ನಿಂತ್ರೂ ಹೀಗೆ ಹೊಲಿಯೋಕಾಗುತ್ತಾ?"

"ಎಲ್ಲಿ ಸಾಧ್ಯ, ಸಾರ್" ಅಂದರು ಮಾಸ್ಟರ್, ಸೂಜಿಯಿಂದ ಕಣ್ಣೆತ್ತದೆ.

ಚಂದ್ರ

ಎರಡೂ ದೇಶ ಸೇರಿ ವಿಶ್ವಕಪ್ ನಡೆಸಿದ ವರ್ಷ ಅದು. ಫೈನಲ್ಲಿಗೆ ನಾವು ಮತ್ತು ಅವರೇ ಬರುವುದು ಅಂತ ಬಡಾವಣೆಯಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಆ ದಿನ ಪಾರ್ಕಿನಲ್ಲಿ ದೊಡ್ಡ ಟೀವಿ ಇಟ್ಟು, ರಸ್ತೆಯುದ್ದಕ್ಕೂ ಎರಡೂ ದೇಶದ ಬಾವುಟ ಕಟ್ಟಬೇಕು, ಸ್ನೇಹದ ಸಂಕೇತ, ದೊಡ್ಡ ರಾಜಕಾರಣಿಯೊಬ್ಬರು ಬರುತ್ತಾರೆ ಅಂತ ತೀರ್ಮಾನವಾಯಿತು. ನಿವಾಸಿಗಳ ಸಂಘದ ಅಧ್ಯಕ್ಷರು ಯಾರು ಅಂದರೆ, ನಮ್ಮ ಓನರು.

ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಮುಚ್ಚಿ ಮೆಲ್ಲಗೆ ಹೇಳಿದರು, "ನಮ್ಮ ಬಾವುಟ ಖಾದಿಯವ್ರು ಕೊಡ್ತಾರಮ್ಮ, ಅದಕ್ಕೆ ಕಾನೂನಿದೆ. ಅವ್ರದ್ದಕ್ಕೆ ಏನೂ ಕಾನೂನಿಲ್ಲ. ಐವತ್ತು ಹೊಲಿದುಕೊಡಿ. ದೊಡ್ಡದು. ನಾನು ಹೇಳ್ದೆ ಅಂತ ಎಲ್ಲೂ ಬಾಯಿಬಿಡ್ಬೇಡಿ."

ಹಸಿರು ಪಾಪ್ಲಿನ್ ತಂದೆ, ಬಿಳಿ ತಂದೆ. ಲೈಬ್ರರಿಯ ಪುಸ್ತಕದಲ್ಲಿ ಬಾವುಟದ ಚಿತ್ರ ಸಿಕ್ಕಿತು, ಆದರೆ ಚಂದ್ರ ಮಸಿಯಲ್ಲಿ ಮುಳುಗಿಹೋಗಿದ್ದ. "ಮಾಸ್ಟರ್, ಚಂದ್ರನ ಬಾಯಿ ಯಾವ ಕಡೆ?" ಅಂತ ಕೇಳಿದೆ.

ಮಾಸ್ಟರಿಗೆ ಬೇಜಾರಾಯಿತು. "ನನ್ನೇ ಯಾಕೆ ಕೇಳ್ತೀರಮ್ಮ? ನಾನು ಬಾಪೂಜಿನಗರದವನು."

ನನ್ನ ಕೆಲಸದ ಕ್ರಮ ಹೀಗೆ: ಮೊದಲು ಎಲ್ಲದರ ಕಟಿಂಗು, ಆಮೇಲೆ ಎಲ್ಲದರ ಜೋಡಣೆ, ಕೊನೆಗೆ ಅಲಂಕಾರ. ಐವತ್ತಕ್ಕೂ ಹಸಿರು ಬಿಳಿ ಜೋಡಿಸಿ ಮುಗಿಸಿದೆ. ಓನರಿಗೆ ತೋರಿಸಲು ಒಂದಕ್ಕೆ ಮಾತ್ರ, ಒಂದೇ ಮಗ್ಗುಲಿಗೆ, ಚಂದ್ರ ನಕ್ಷತ್ರ ಹೊಲಿದೆ. ಅಷ್ಟರಲ್ಲಿ ಸೆಮಿಫೈನಲ್ ಬಂತು. ಮೊದಲ ದಿನ ಲಾಹೋರಿನಲ್ಲಿ ಅವರು ಸೋತರು. ನಮ್ಮ ರಸ್ತೆಯಲ್ಲಿ ಪಟಾಕಿ ಹೊಡೆದರು. ಮರುದಿನ ಬಾಂಬೆಯಲ್ಲಿ ನಾವು ಸೋತೆವು. ಆತಿಥೇಯರಿಬ್ಬರೂ ಮನೆ ಸೇರಿ, ಹೊರಗಿನವರಿಬ್ಬರು ಫೈನಲ್ ಆಡಿದರು.

ಓನರು ಬಂದು, "ಯಾವ ಬಾವುಟ? ನಾನೆಲ್ಲಿ ಹೇಳಿದ್ದೆ?" ಅಂದರು.

ಸರಿ ಅಂದುಕೊಂಡು ಎರಡು ಬಾವುಟಕ್ಕೆ ಒಂದರಂತೆ ಇಪ್ಪತ್ತೈದು ಒಳಲಂಗ ಹೊಲಿದೆ. ಮೇಲೆಲ್ಲ ಹಸಿರು, ಕೆಳಗೆ ಅಗಲ ಬಿಳಿ ಪಟ್ಟಿ. ಹೊಸ ಫ್ಯಾಷನ್ ಅಂತ ಹೆಗ್ಗನಹಳ್ಳಿಯವರೆಗೂ ಹೋದವು. ಓನರ ಹೆಂಡತಿ ಮೂರು ಕೊಂಡರು.

ಅಷ್ಟು ಹೊತ್ತಿಗೆ ಬಾವುಟದ ಸುದ್ದಿ ಭಾವನ ಕಿವಿಗೆ ಬಿದ್ದಿತ್ತು. ಆ ಸಲದ ಅಗ್ರಿಮೆಂಟು ಮುಗಿಯಲು ಒಂದು ವಾರವಿತ್ತು. ಬಾವುಟದ ತೀರ್ಮಾನವನ್ನೇ ಮರೆತವರಂತಿದ್ದ ಸಂಘದ ಹಿರಿಯರಿಬ್ಬರನ್ನು ಕರೆದುಕೊಂಡು ಬಂದು, ರಸ್ತೆಯಲ್ಲೇ ನಿಂತು, ಓನರನ್ನು ಕೆಳಗೆ ಕರೆಸಿದರು.

"ಇವಳು ಪಾಕಿಸ್ತಾನದ ಬಾವುಟ ಹೊಲಿದಿದಾಳೆ ಸಾರ್. ನಿಮ್ಮಂಥವ್ರ ಕಟ್ಟಡದಲ್ಲಿ."

ಓನರು ನನ್ನ ಮುಖ ನೋಡಲಿಲ್ಲ. "ಹೌದೇನಮ್ಮಾ? ಒಂದೇ ಒಂದು ಸಿಕ್ಕಿದ್ರೂ ಇವತ್ತೇ ಖಾಲಿ ಮಾಡ್ಬೇಕು" ಅಂದರು, ಎಲ್ಲರಿಗೂ ಕೇಳುವ ಹಾಗೆ.

ಆ ಮಾತಿಗೆ ನನಗೆ ಅಳು ಬರಬೇಕಿತ್ತು. ಸಿಟ್ಟು ಬಂತು. ಹೇಳಿಬಿಡೋಣ ಅಂತ ತಲೆ ಎತ್ತಿದೆ. ಎತ್ತಿದವಳು ಹಾಗೇ ನಿಂತೆ. ರಾಶಿಯಲ್ಲಿ ಬೋರಲು ಬಿದ್ದಿದ್ದ ಆ ಒಂದು ಮಾದರಿಯನ್ನು ನಾನು ನೋಡದೇ ಲಂಗಕ್ಕೆ ಸೇರಿಸಿಬಿಟ್ಟಿದ್ದೆ. ಚಂದ್ರ ಒಳಮಗ್ಗುಲಿಗೆ ಹೋಗಿದ್ದ, ಆ ಲಂಗ ಓನರ ಹೆಂಡತಿ ಕೊಂಡ ಮೂರರಲ್ಲಿ ಸೇರಿತ್ತು. ಓನರ ಹೆಂಡತಿ ಅಚ್ಚುಕಟ್ಟಿನ ಹೆಂಗಸು. ಬಿಸಿಲಿಗೆ ಬಣ್ಣ ಹೋಗದಿರಲಿ ಅಂತ ಬಟ್ಟೆಯನ್ನೆಲ್ಲ ಒಳಮೈ ಹೊರಗೆ ಮಾಡಿ ಒಣಹಾಕುವವರು.

"ಸಾರ್" ಅಂದೆ, "ಸ್ವಲ್ಪ ಮೇಲೆ ನೋಡಿ."

ಟೆರೇಸಿನ ತಂತಿಯ ಮೇಲೆ, ಹಸಿರು ಬಿಳುಪು, ಚಂದ್ರ ನಕ್ಷತ್ರ ಸಮೇತ, ಗಾಳಿಗೆ ಪಟಪಟ ಹಾರಾಡುತ್ತಿತ್ತು. ಭಾವ ನೋಡಿದರು, ಹಿರಿಯರು ನೋಡಿದರು, ಓನರು ನೋಡಿದರು. ಮಾಸ್ಟರ್ ಒಬ್ಬರೇ ನೆಲ ನೋಡುತ್ತಿದ್ದರು, ಭುಜ ಅಲುಗಾಡುತ್ತಿತ್ತು.

ಅಷ್ಟರಲ್ಲಿ ಓನರ ಹೆಂಡತಿ ಟೆರೇಸಿಗೆ ಬಂದರು. ಕೆಳಗೆ ಬಗ್ಗಿ ನೋಡಿ, "ಏನ್ರೀ ಇದು? ವಯಸ್ಸಾದವ್ರೆಲ್ಲ ಗುಂಪು ಕಟ್ಕೊಂಡು ನನ್ನ ಲಂಗ ನೋಡ್ತಾ ನಿಂತಿದೀರಲ್ಲ, ನಾಚಿಕೆ ಆಗಲ್ವಾ?" ಅಂದರು.

ಹಿರಿಯರಿಬ್ಬರೂ ಎರಡು ದಿಕ್ಕಿಗೆ ಹೋದರು. ಭಾವ ಆ ಕಡೆ ಮತ್ತೆ ತಲೆ ಹಾಕಲಿಲ್ಲ. ಓನರು ಮರುದಿನ ಬೆಳಿಗ್ಗೆ ಹೊಸ ಅಗ್ರಿಮೆಂಟು ತಂದರು, ಹನ್ನೊಂದು ತಿಂಗಳಲ್ಲ, ಐದು ವರ್ಷ. "ಆ ಚಂದ್ರನ್ನ ಒಂಚೂರು ಬಿಚ್ಚಿಕೊಡಮ್ಮಾ" ಅಂದರು. ಅವರ ಹೆಂಡತಿ ಬಿಚ್ಚಲು ಕೊಡಲಿಲ್ಲ. ಚೆನ್ನಾಗಿದೆ, ಇರಲಿ, ಅಂದರಂತೆ.

ಈಗ ಆ ಅಂಗಡಿ ನನ್ನದು, ಮೇಲಿನ ಮನೆ ನನ್ನದು, ಟೆರೇಸೂ ಆ ತಂತಿಯೂ ನನ್ನವು. ಅದಕ್ಕೆ ತೆತ್ತದ್ದು: ಹೊಲಿದು ಹೊಲಿದು ಸವೆದ ನನ್ನ ಬಲ ಭುಜ, ಭಾವನ ಮನೆಯ ಅಷ್ಟೂ ಹಬ್ಬದೂಟ, ಮತ್ತು ಐವತ್ತು ಬಾವುಟದ ಬಟ್ಟೆ.