ತಲೆಕೆಳಗಾದ ಲಗ್ನ

“ಇವತ್ತ ಆ ಡಬ್ಬಿ ಉಳೀಬೇಕು, ಇಲ್ಲಾ ನಾ ಉಳೀಬೇಕು!”

ಭಾನುವಾರ ಮುಂಜಾನೆ ಪರಮಾನಂದ ಮಾಸ್ತರರು ಚಹಾದ ಕಪ್ಪನ್ನು ಟೇಬಲ್ಲಿನ ಮೇಲೆ ಕುಕ್ಕಿ ಹೀಗೆ ರಣಘೋಷ ಮಾಡಿದಾಗ ಅವರ ಹೆಂಡತಿ ಯಶೋಧಾ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸದೆಯೇ ಕೇಳಿದಳು:

“ಯಾವ ಡಬ್ಬಿರಿ? ಉಪ್ಪಿಂದೋ, ಸಕ್ರಿದೋ?”

“ಕಂಪ್ಯೂಟರಿನ್ಯಾಗ ಎದ್ದು ಬರೂ ಡಬ್ಬಿ!”

“ಅಯ್ಯ, ಅದಾ? ಅದನ್ನ ನಾ ದಿನಾ ಒತ್ತಿ ಕಳಸ್ತೇನಲ್ರಿ. ಅದರ ಪಾಡಿಗೆ ಅದು ಹೊಕ್ಕೈತಿ.”

ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮಾಸ್ತರರ ಮನೆಗೆ ಕಂಪ್ಯೂಟರ್ ಬಂದದ್ದು ಎರಡು ಸಾವಿರದ ಐದನೇ ಇಸವಿಯ ಯುಗಾದಿಗೆ. ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಇರಲಿಲ್ಲ. ‘ಚಿತ್ರ ಅಂದ್ರ ಥೇಟರಿನಂಗ ಬರಬೇಕು’ ಎಂದು ವಿಜಾಪುರಕ್ಕೆ ಹೋಗಿ ಒಂದು ಗ್ರಾಫಿಕ್ಸ್ ಕಾರ್ಡು ತಂದು ಅದರ ಹೊಟ್ಟೆಯೊಳಗೆ ಕೂರಿಸಿದ್ದರು. ಕಾರ್ಡಿನ ಜೊತೆ ಒಂದು ಸಿ.ಡಿ., ಸಿ.ಡಿ.ಯೊಳಗೆ ಯುಟಿಲಿಟಿ ಎಂಬ ಒಂದು ಚಿಕ್ಕ ಪ್ರೋಗ್ರಾಮು. ಬಣ್ಣ, ಬೆಳಕು, ಚಿತ್ರದ ಅಳತೆ, ಎಲ್ಲವನ್ನೂ ಹದ್ದುಬಸ್ತಿನಲ್ಲಿಡುವುದು ಆ ಯುಟಿಲಿಟಿಯ ಕೆಲಸ. ಆದರೆ ಅದೇ ಹದ್ದುಬಸ್ತಿನಲ್ಲಿರಲಿಲ್ಲ! ಕಂಪ್ಯೂಟರ್ ಚಾಲೂ ಮಾಡಿ, ಪರದೆಯ ಮೇಲೆ ಹಸಿರು ಗುಡ್ಡ ಮೂಡಿ, ಮೂಲೆಯ ಗಡಿಯಾರದ ಪಕ್ಕ ಅದು ಕಣ್ಣು ಬಿಡುವಷ್ಟರಲ್ಲಿ ‘ಟಣ್’ ಎಂದು ಒಂದು ಡಬ್ಬಿ ಏಳುತ್ತಿತ್ತು. ಪ್ರೋಗ್ರಾಮಿಗೆ ತೊಂದರೆಯಾಗಿದೆ, ಮುಚ್ಚಲೇಬೇಕಾಗಿದೆ, ದಯವಿಟ್ಟು ಕ್ಷಮಿಸಿ ಎಂದು ಇಂಗ್ಲಿಷಿನಲ್ಲಿ ಬಲು ವಿನಯದಿಂದ ಹೇಳಿ, ಈ ಸುದ್ದಿಯನ್ನು ಕಂಪನಿಗೆ ಕಳಿಸಲೋ ಬೇಡವೋ ಎಂದು ಕೇಳುತ್ತಿತ್ತು. ಯಶೋಧಾ ‘ಡೋಂಟ್ ಸೆಂಡ್’ ಒತ್ತುತ್ತಿದ್ದಳು. ಡಬ್ಬಿ ಮಾಯ! ಯುಟಿಲಿಟಿ ಸತ್ತರೂ ಕಂಪ್ಯೂಟರ್ ದಿನವಿಡೀ ಸುಖವಾಗಿರುತ್ತಿತ್ತು.

ಸುಖವಿಲ್ಲದ್ದು ಮಾಸ್ತರರಿಗೆ. “ಹುಟ್ಟಿದ ಕೂಡ್ಲೆ ಸಾಯೂ ಪ್ರೋಗ್ರಾಮ್ ಮನ್ಯಾಗ ಇಟ್ಕೊಂಡು ನಾ ಸಾಲ್ಯಾಗ ಹ್ಯಾಂಗ ಪ್ರಮೇಯ ಸಾಧಿಸ್ಲಿ?” ಎಂಬುದು ಅವರ ಅಳಲು.

ಆದರೆ ಆ ಭಾನುವಾರವೇ ಯುದ್ಧ ಸಾರಬಾರದಿತ್ತು. ಏಕೆಂದರೆ ಹಿಂದಿನ ಸಂಜೆ ಲಚ್ಯಾಣದಿಂದ ಆಯಿ ಬಂದಿದ್ದಳು. ಆಯಿ ಎಂದರೆ ಗುಂಡವ್ವ, ಯಶೋಧಾಳ ಅಜ್ಜಿ. ಯಶೋಧಾಳ ತಮ್ಮ ಅನಿಲಕುಮಾರನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವನ ಲಗ್ನ ಬಸವನ ಬಾಗೇವಾಡಿಯಲ್ಲಿ ನಡೆದಾಗ ಕಾಲು ಮುರಿದುಕೊಂಡು ಪ್ಲಾಸ್ಟರಿನಲ್ಲಿ ಮಲಗಿದ್ದಳು. ಓಣಿಯವರೆಲ್ಲ ಜೀಪು ಹತ್ತಿ ಲಗ್ನಕ್ಕೆ ಹೋದರು, ಮುದುಕಿ ಮಾತ್ರ ಜಂತಿ ನೋಡುತ್ತ ಉಳಿದಳು. ಈಗ ಕಾಲು ಕೂಡಿತ್ತು. ಕೋಲು ಹಿಡಿದು, ಬಸ್ಸು ಬದಲಿಸಿ ಬದಲಿಸಿ, ಮೊಮ್ಮಗನ ಲಗ್ನ ನೋಡಲೆಂದೇ ಬಂದಿದ್ದಳು. ಲಗ್ನದ ವಿಡಿಯೊ ಡಿ.ವಿ.ಡಿ.ಯಲ್ಲಿತ್ತು. ಟೀವಿಯ ಕೆಳಗಿದ್ದ ಹಳೆಯ ಪ್ಲೇಯರು ಅದನ್ನು ಒಳಗೆಳೆದುಕೊಂಡು, ರುಚಿ ನೋಡಿ, ಹೊರಗೆ ತಳ್ಳಿಬಿಡುತ್ತಿತ್ತು. ಕಂಪ್ಯೂಟರ್ ಒಂದೇ ಗತಿ. ಮಧ್ಯಾಹ್ನದ ಬಸ್ಸಿಗೆ ಆಯಿ ಹೊರಡಲೇಬೇಕು. ಮನೆಯಲ್ಲಿ ಎಮ್ಮೆ ಇಂದೋ ನಾಳೆಯೋ ಈಯುವಂತಿತ್ತು.

“ಎಮ್ಮಿ ತಡೀತೈತಿ ಆಯಿ, ಇನ್ನೆರಡ ದಿನ ಇರು,” ಎಂದಿದ್ದಳು ಯಶೋಧಾ.

“ಎಮ್ಮಿ ತಡೀತೈತವ್ವ, ಕರ ತಡೀತೈತೇನ?”

ಈಗ ಆಯಿ ಮುಖ ತೊಳೆದು, ಸೆರಗು ಹೊದ್ದು, ಲಗ್ನಕ್ಕೆ ಬಂದವಳಂತೆಯೇ ಕಂಪ್ಯೂಟರಿನ ಮುಂದೆ ಕುರ್ಚಿಯಲ್ಲಿ ಕುಳಿತಿದ್ದಳು.

“ರೀ, ಮೊದಲ ಲಗ್ನ ತೋರಸ್ರಿ. ಆಯಿ ಬಸ್ ಹತ್ತಿದ ಮ್ಯಾಲ ಬೇಕಾದ್ದ ರಿಪೇರಿ ಮಾಡ್ರಿ,” ಎಂದಳು ಯಶೋಧಾ.

“ಲಗ್ನದ ನಡುವ ಡಬ್ಬಿ ಬಂದ್ರ?”

“ಅದು ಚಾಲೂ ಮಾಡಿದಾಗಷ್ಟ ಬರ್ತೈತಿ.”

“ನಿನಗ ತಿಳಿಯಂಗಿಲ್ಲ, ಸುಮ್ನಿರು.”

ಗಂಡಸರು ಈ ಮಾತು ಆಡುವ ಗಳಿಗೆಯನ್ನು ಅಶುಭವೆಂದು ಪಂಚಾಂಗದಲ್ಲೇ ಅಚ್ಚು ಹಾಕಿಸಬೇಕು!

ಮಾಸ್ತರರು ಮೊದಲು ಸಾಮದಿಂದ ಹೊರಟರು. ‘ಸೆಂಡ್’ ಒತ್ತಿದರು. ಕಂಪನಿಗೆ ತಿಳಿದರೆ ಕಂಪನಿಯೇ ನಾಚಿಕೊಂಡು ಸರಿಪಡಿಸುತ್ತದೆಂದು ಅವರ ಲೆಕ್ಕ. ಮೋಡೆಮ್ ಕಿರ್ರೋ ಎಂದು ಕೂಗಿ ಕೂಗಿ ಸುಸ್ತಾಯಿತು. ಟೆಲಿಫೋನಿನ ವೈರನ್ನು ಇಲಿ ಕಡಿದು ಆಗಲೇ ಒಂದು ವಾರವಾಗಿತ್ತು.

ಸಾಮ ಸೋತ ಮೇಲೆ ದಂಡ. ಸ್ಕ್ರೂಡ್ರೈವರ್ ಬಂತು. ಪೆಟ್ಟಿಗೆಯ ಪಕ್ಕೆಲುಬು ಬಿಚ್ಚಿತು. ಮಾಸ್ತರರು ಕಾರ್ಡನ್ನು ಕಿತ್ತು, ಹಲ್ಲುಜ್ಜುವ ಬ್ರಷ್ಷಿನಿಂದ ಧೂಳು ತಿಕ್ಕಿದರು. ಆಯಿ ಕುತೂಹಲದಿಂದ ಬಗ್ಗಿ ಪೆಟ್ಟಿಗೆಯೊಳಗೆ ಇಣುಕಿದಳು.

“ತಮ್ಮಾ, ಇದರಾಗ ಅನಿಲ ಎಲ್ಲಿ ಅದಾನೋ?”

“ಬರ್ತಾನಿರಿ ಆಯಿ, ಹಾದಿ ಸ್ವಚ್ಛ ಮಾಡಾಕತ್ತೇನಿ.”

“ರೀ, ಅದು ನನ್ನ ಬ್ರಷ್!” ಎಂದು ಅಡುಗೆಮನೆಯ ಬಾಗಿಲಿನಿಂದ ಯಶೋಧಾ ಚೀರಿದಳು. ಆದರೆ ಇತಿಹಾಸ ಬದಲಿಸುವವರು ಬ್ರಷ್ಷಿನ ಹಕ್ಕುದಾರಿಕೆಗೆಲ್ಲ ತಲೆ ಕೆಡಿಸಿಕೊಳ್ಳುವುದಿಲ್ಲ. ಕಾರ್ಡು ಮತ್ತೆ ಒಳಗೆ ಹೋಯಿತು. ಕಂಪ್ಯೂಟರ್ ಚಾಲೂ ಆಯಿತು. ಹಸಿರು ಗುಡ್ಡ. ಟಣ್! ಡಬ್ಬಿ ಮೊದಲಿಗಿಂತ ಹೊಳಪಾಗಿ ಎದ್ದು ಕ್ಷಮೆ ಕೇಳಿತು.

“ಹಂಗಾದ್ರ ಬೇರಸಹಿತ ಕಿತ್ತ ಹಾಕ್ತೇನಿ!” ಎಂದು ಮಾಸ್ತರರು ಯುಟಿಲಿಟಿಯನ್ನೇ ಅಳಿಸಿದರು. ಅದು ಹೋಗುವಾಗ ಒಂಟಿಯಾಗಿ ಹೋಗಲಿಲ್ಲ. ಚಿತ್ರ ಮೂಡಿಸುವ ಡ್ರೈವರನ್ನೂ ಕರೆದುಕೊಂಡು ಹೋಯಿತು. ಕಂಪ್ಯೂಟರ್ ಮರಳಿ ಚಾಲೂ ಆದಾಗ ಡಬ್ಬಿಯೇನೋ ಇರಲಿಲ್ಲ, ಆದರೆ ಅಕ್ಷರಗಳು ಬಾಗಿಲಿನಷ್ಟು ದೊಡ್ಡವಾಗಿದ್ದವು. ಬಣ್ಣಗಳೆಲ್ಲ ಎಣ್ಣೆಯಲ್ಲಿ ಬಿದ್ದ ಹಳೆಯ ಕ್ಯಾಲೆಂಡರಿನವು.

“ಡಬ್ಬಿ ಹೋತಲ್ಲ, ಸಾಕ್ರಿ, ಲಗ್ನ ಹಾಕ್ರಿ!” ಎಂದು ಯಶೋಧಾ ತಾನೇ ಡಿಸ್ಕು ತುರುಕಿದಳು. ಅರಿಷಿಣ ಹಚ್ಚುವ ದೃಶ್ಯ ಬಂತು. ಅನಿಲಕುಮಾರ ಮಣೆಯ ಮೇಲೆ ತಡೆತಡೆದು ಅಲುಗಾಡುತ್ತಿದ್ದ, ಅಡಿಯಿಂದ ಮುಡಿಯವರೆಗೆ ಹಚ್ಚಹಸಿರಾಗಿ.

ಆಯಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. “ಯವ್ವಾ ಯಶೋಧಾ, ಅರಿಷಿಣದಾಗ ಏನ ಕಲಸಿದ್ರಿ? ನನ್ನ ಮೊಮ್ಮಗನ್ನ ಗಿಣಿ ಮಾಡೀರಲ್ಲ!”

ಯಶೋಧಾ ಪಕಪಕನೆ ನಕ್ಕಳು. ಮಾಸ್ತರರಿಗೆ ಆ ನಗುವಿನಲ್ಲಿ ಕೂಡಿಕೊಳ್ಳುವಷ್ಟು ಪುರುಸೊತ್ತಿರಲಿಲ್ಲ. ಕಾರ್ಡಿನ ಸಿ.ಡಿ. ಹುಡುಕಿ ತಂದು, ಡ್ರೈವರು, ಯುಟಿಲಿಟಿ ಎರಡನ್ನೂ ಹೊಸದಾಗಿ ಹಾಕಿದರು. ಕಂಪ್ಯೂಟರ್ ಮುಚ್ಚಿ ತೆರೆಯಿತು. ಹಸಿರು ಗುಡ್ಡ ಬಂತು. ಗಡಿಯಾರದ ಪಕ್ಕ ಯುಟಿಲಿಟಿ ಕಣ್ಣು ಬಿಟ್ಟಿತು. ಬಿಟ್ಟ ಕಣ್ಣು ಬಿಟ್ಟೇ ಇತ್ತು. ಟಣ್ ಇಲ್ಲ, ಡಬ್ಬಿ ಇಲ್ಲ!

“ಗೆದ್ದೆ!” ಮಾಸ್ತರರ ಕೂಗಿಗೆ ಅಂಗಳದ ಗುಬ್ಬಿಗಳು ಹಾರಿದವು. “ಏನಂದಿ? ಮಾಸ್ತರಗ ಆಗಂಗಿಲ್ಲ ಅಂದ್ಯಲ್ಲ?”

“ನಾ ಹಂಗ ಅಂದಿಲ್ಲ. ಲಗ್ನ ಹಾಕ್ರಿ ಅಂದೇನಿ.”

ಇಲ್ಲಿಗೆ ಎದ್ದು ಕೈ ತೊಳೆದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಗೆದ್ದ ಸೇನಾಪತಿ ಸೋತ ಕೋಟೆಯೊಳಗೆ ಒಂದು ಸುತ್ತು ತಿರುಗದೆ ಇರುತ್ತಾನೆಯೇ? ಮಾಸ್ತರರು ಯುಟಿಲಿಟಿ ತೆರೆದರು. ಅಲ್ಲೊಂದು ಕಡೆ ‘ರೊಟೇಶನ್’ ಎಂದಿತ್ತು. ಅದರ ಕೆಳಗೆ ತೊಂಬತ್ತು ಡಿಗ್ರಿ, ನೂರಾ ಎಂಬತ್ತು ಡಿಗ್ರಿ! ವರ್ಷಾನುಗಟ್ಟಲೆ ಕರಿಹಲಗೆಯ ಮೇಲೆ ಕೋನ ಎಳೆದ ಕೈ ತಡೆಯಲಿಲ್ಲ. “ನೋಡ್ರಿ ಆಯಿ, ರೇಖಾಗಣಿತ!” ಎಂದವರೇ ನೂರಾ ಎಂಬತ್ತನ್ನು ಒತ್ತಿಬಿಟ್ಟರು.

ಗುಡ್ಡ ಮೇಲೆ ಹೋಯಿತು, ಆಕಾಶ ಕೆಳಗೆ ಬಂತು. ಟಣ್! ಡಬ್ಬಿ ಮತ್ತೆ ಹುಟ್ಟಿತ್ತು. ಈ ಸಲ ಅದೂ ತಲೆಕೆಳಗಾಗಿ ನಿಂತು ಕ್ಷಮೆ ಕೇಳುತ್ತಿತ್ತು.

ಮಾಸ್ತರರು ಮೌಸನ್ನು ಬಲಕ್ಕೆ ನೂಕಿದರೆ ಬಾಣ ಎಡಕ್ಕೆ ಓಡಿತು. ಮೇಲೆ ನೂಕಿದರೆ ಕೆಳಗೆ ಇಳಿಯಿತು. ಅಂತೂ ಅಟ್ಟಿಸಿಕೊಂಡು ಹೋಗಿ ಯುಟಿಲಿಟಿಯನ್ನು ಹಿಡಿದು ತೆರೆದರೆ, ತೆರೆದ ಕೂಡಲೇ ಅದು ಸತ್ತುಬೀಳುತ್ತಿತ್ತು. ಮುಚ್ಚಿ ತೆಗೆದರೂ ಅದೇ ಗತಿ. ತಲೆಕೆಳಗಾದ ಅಕ್ಷರ ಓದಲು ಮಾಸ್ತರರು ಕುರ್ಚಿಯ ಮೇಲೆ ಮೊಳಕಾಲೂರಿ, ತಲೆಯನ್ನು ಟೇಬಲ್ಲಿಗೆ ಒರಗಿಸಿ ಉಲ್ಟಾ ನಿಂತರು.

“ಮಾಸ್ತರಗ ಹೊಟ್ಟಿ ನೋವೇನವ್ವ?” ಆಯಿ ಗಾಬರಿಯಾದಳು.

“ರೀ, ರಕ್ತ ಎಲ್ಲಾ ತೆಲಿಗೆ ಇಳೀತೈತಿ, ಏಳ್ರಿ!”

“ಇಳೀಲಿ ಬಿಡು!”

“ಇಳೀಲಿ ಬಿಡ್ರಿ ಹಂಗಾದ್ರ. ಜಾಗಾ ಖಾಲೀನ ಐತಿ,” ಎಂದಳು ಯಶೋಧಾ.

ಲಗ್ನ ಹಾಕಿ ನೋಡಿದರು. ಬಣ್ಣವೇನೋ ಥೇಟರಿನದೇ. ಆದರೆ ಮಂಟಪ ಸೂರಿಗೆ ಅಂಟಿತ್ತು, ಬೀಗರು ಬಾವಲಿಗಳಂತೆ ಜೋತಾಡುತ್ತಿದ್ದರು. ಆಯಿ ಕತ್ತನ್ನು ಒಂದು ಕಡೆ ಹೊರಳಿಸಿ ನೋಡಿದಳು, ಇನ್ನೊಂದು ಕಡೆ ಹೊರಳಿಸಿ ನೋಡಿದಳು. ಕತ್ತು ನೋಯಿತು. ನಿಧಾನವಾಗಿ ಎದ್ದು ಕೋಲು ಹುಡುಕಿಕೊಂಡಳು.

“ಇರ್ಲಿ ಬಿಡು ತಮ್ಮಾ. ನನ್ನ ಹಣ್ಯಾಗ ಅವನ ಲಗ್ನ ಬರದಿಲ್ಲ. ಅವತ್ತ ಕಾಲು ಮುರೀತು, ಇವತ್ತ ಇದು ಮುರೀತು. ಯಶೋಧಾ, ನನ್ನ ಕೈಚೀಲ ಕೊಡವ್ವ.”

ಸಿಟ್ಟಿನಿಂದ ಹೇಳಿದ್ದರೆ ಮಾಸ್ತರರು ತಡೆದುಕೊಳ್ಳುತ್ತಿದ್ದರು. ಆಯಿ ನಗುನಗುತ್ತಲೇ ಹೇಳಿದ್ದಳು. ಯಶೋಧಾ ಒಮ್ಮೆ ಗಂಡನ ಮುಖ ನೋಡಿ ಒಳಗೆ ಹೋದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು!

ಆಗಲೇ ಮಾಸ್ತರರಿಗೆ ಹೊಳೆಯಿತು. ನೂರಾ ಎಂಬತ್ತಕ್ಕೆ ನೂರಾ ಎಂಬತ್ತು ಕೂಡಿಸಿದರೆ ಪೂರ್ತಿ ಒಂದು ಸುತ್ತು! ಚಿತ್ರ ತಿರುಗುವುದಿಲ್ಲವೇ? ಸರಿ, ಮಾನಿಟರನ್ನೇ ತಿರುಗಿಸಿದರಾಯಿತು! ಅಂಗಳಕ್ಕೆ ಓಡಿ ಕಾಂಪೌಂಡಿನ ಮೇಲಿಂದ ಕೂಗಿದರು:

“ಮಲಿಕಸಾಬ್ರ! ಲಗೂನ ಬರ್ರಿ!”

ಪಕ್ಕದ ಮನೆಯ ಮಲಿಕಸಾಬನದು ಬಸ್ ಸ್ಟ್ಯಾಂಡಿನ ಹತ್ತಿರ ಝೆರಾಕ್ಸ್ ಅಂಗಡಿ. ಕಳ್ಳರು ಹೊಕ್ಕರೇನೋ ಎಂದು ಬಡಿಗೆ ಹಿಡಿದೇ ಬಂದ. ಬಂದವನಿಗೆ ಮಾನಿಟರ್ ಎತ್ತಿಸುವ ಕೆಲಸ ಸಿಕ್ಕಿತು. ಅದೇನು ಈಗಿನ ತೆಳ್ಳನೆಯ ಹಲಗೆಯೇ? ಹಿಂದೆ ಡುಬ್ಬವಿದ್ದ, ಎತ್ತಿದರೆ ಸೊಂಟ ನೆನಪಾಗುವ ಹಳೆಯ ಕಾಲದ ಗಾಜಿನ ಗಡಿಗೆ. ಯಶೋಧಾ ಟೇಬಲ್ಲಿನ ಮೇಲೆ ಕೌದಿ ಮಡಚಿ ಹಾಸಿದಳು. ಇಬ್ಬರೂ ‘ಹೂಂ... ಹೂಂ’ ಎನ್ನುತ್ತ ಅದನ್ನು ಮಗುಚಿ, ನೆತ್ತಿ ಕೆಳಗೆ ಮಾಡಿ ಕೂರಿಸಿದರು.

ಲಗ್ನ ನೆಟ್ಟಗಾಯಿತು! ಬೀಗರು ನೆಲಕ್ಕಿಳಿದರು, ಬಾಸಿಂಗ ಕಟ್ಟಿದ ಅನಿಲಕುಮಾರ ಕಾಲ ಮೇಲೆ ನಿಂತ.

“ವ್ಹಾ ಸರ್! ತೆಲಿ ಅಂದ್ರ ಇದು!” ಎಂದ ಮಲಿಕಸಾಬ, ಸೊಂಟ ಹಿಡಿದುಕೊಂಡು.

“ಸಾಮಾನ್ಯ ಬುದ್ಧಿ, ಅಷ್ಟ,” ಎಂದು ಮಾಸ್ತರರು ಬಲು ಕಷ್ಟದಿಂದ ವಿನಯ ತಂದುಕೊಂಡರು.

ಆಯಿ ಕೈಚೀಲ ಕೆಳಗಿಟ್ಟು ಕುಳಿತಳು. ಅವಳ ತುಟಿಗಳು ಅಲುಗಾಡುತ್ತಿದ್ದವು. ಯಾರು ಬಂದಿದ್ದಾರೆ, ಯಾರು ಬಂದಿಲ್ಲ, ಯಾರು ಯಾವ ಸೀರೆ ಉಟ್ಟಿದ್ದಾರೆ, ಎಲ್ಲ ಹಾಜರಿ ಹಾಕುತ್ತಿದ್ದಳು. ಪರದೆಯ ಮೇಲೆ ವಾಲಗ ಜೋರಾಯಿತು. ಅನಿಲಕುಮಾರ ತಾಳಿ ಎತ್ತಿಕೊಂಡ. ಆಯಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. “ಯಪ್ಪಾ, ನನ್ನ ಬಂಗಾರಾ,” ಎನ್ನುತ್ತ, ಹತ್ತಿರದಿಂದ ನೋಡಲು ಟೇಬಲ್ಲಿಗೆ ಕೈಯೂರಿ ಎದ್ದಳು. ಅವಳ ಅಂಗೈ ಬಿದ್ದದ್ದು ಕೀಬೋರ್ಡಿನ ಬಲಮೂಲೆಯ ಮೇಲೆ, ಬಾಣದ ಗುರುತಿನ ಗುಂಡಿಗಳಿರುವ ಜಾಗದಲ್ಲಿ. ಒಟ್ಟಿಗೆ ಅದೆಷ್ಟು ಗುಂಡಿ ಒತ್ತಿದಳೋ, ಪರದೆ ಒಮ್ಮೆ ಕಪ್ಪಾಗಿ ಮಿನುಗಿತು.

“ಅಯ್ಯಯ್ಯ! ಮದುಮಗ ಮಗುಚಿ ಬಿದ್ದ!” ಆಯಿ ಕಿರುಚಿದಳು.

ಲಗ್ನ ಮತ್ತೆ ತಲೆಕೆಳಗಾಗಿತ್ತು! ಅದೂ ಅಕ್ಷತೆ ಬೀಳುವ ಹೊತ್ತಿಗೆ. ಅಕ್ಕಿಕಾಳು ಕೆಳಗಿನಿಂದ ಮೇಲಕ್ಕೆ ಹಾರುತ್ತಿದ್ದವು. ಮಾಸ್ತರರು ತಲೆ ಹಿಡಿದುಕೊಂಡು ನೆಲದ ಮೇಲೆಯೇ ಕುಸಿದರು. ಯಶೋಧಾ ಮಾತ್ರ ಸೊಂಟದ ಮೇಲೆ ಕೈಯಿಟ್ಟು ಪರದೆಯನ್ನೂ ಕೌದಿಯನ್ನೂ ನೋಡಿ ಹೇಳಿದಳು:

“ಅಲ್ರಿ, ಉಲ್ಟಾ ಇಟ್ಟ ಮಾನಿಟರಿನ್ಯಾಗ ಚಿತ್ರ ಉಲ್ಟಾ ಬರಾಕತ್ತೈತಿ ಅಂದ್ರ, ಕಂಪ್ಯೂಟರ್ ನೆಟ್ಟಗಾತಂತ ಅಲ್ಲೇನ್ರಿ?”

ಯುಟಿಲಿಟಿ ಸತ್ತರೂ ಕೀಬೋರ್ಡಿನಿಂದಲೇ ಪರದೆ ತಿರುಗಿಸುವ ದಾರಿಯೊಂದು ಬದುಕಿತ್ತು ಎಂಬುದು ಗಣಿತದ ಮಾಸ್ತರರಿಗೆ ಆಗ ಹೊಳೆಯಿತು. ಮಲಿಕಸಾಬ ತೋಳೇರಿಸಿದ. ‘ಹೂಂ... ಹೂಂ’ ಎಂದು ಗಾಜಿನ ಗಡಿಗೆ ಇನ್ನೊಮ್ಮೆ ಮಗುಚಿತು. ಆಯಿಯ ಒತ್ತಾಯಕ್ಕೆ ಯಶೋಧಾ ಲಗ್ನವನ್ನು ಮೊದಲಿನಿಂದ ಹಾಕಿದಳು. ಈ ಸಲ ಅರಿಷಿಣ ಅರಿಷಿಣವಾಗಿಯೇ ಇತ್ತು. ಮಾಸ್ತರರು ತಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ದೂರ ಗೋಡೆಗೆ ಒರಗಿ ನಿಂತರು. ಹಾಗೆ ನಿಲ್ಲಬೇಕೆಂದು ಯಶೋಧಾಳ ಅಪ್ಪಣೆಯಾಗಿತ್ತು. ತಾಳಿ ಕಟ್ಟಿದಾಗ ಆಯಿ ಎರಡೂ ಕೈ ಪರದೆಗೆ ಸವರಿ, ನೆಟಿಗೆ ಮುರಿದು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾಸ್ತರರೂ ಅತ್ತ ತಿರುಗಿ ಕನ್ನಡಕ ಒರೆಸಿದರು.

ಬಸ್ಸು ಹತ್ತುವಾಗ ಆಯಿ ಮೊಮ್ಮಗಳ ಗಂಡನ ಬೆನ್ನು ತಟ್ಟಿ, “ಭಾಳ ತ್ರಾಸ ತಗೊಂಡಿ ತಮ್ಮಾ. ಹೊಟ್ಟಿ ನೋವಿಗೆ ಒಂದೀಟ ಅಜವಾನ ತಿನ್ನು,” ಎಂದು ಹೇಳಿ ಹೋದಳು.

ಇಡೀ ವಾರ ಮಾಸ್ತರರು ಕಂಪ್ಯೂಟರಿನ ಕಡೆ ತಿರುಗಲಿಲ್ಲ. ಮುಂದಿನ ಭಾನುವಾರ ಮುಂಜಾನೆ ಮಲಿಕಸಾಬ ಏದುಸಿರು ಬಿಡುತ್ತ ಬಾಗಿಲಿಗೆ ಬಂದ.

“ಸರ್, ಅಂಗಡ್ಯಾಗಿನ ಕಂಪ್ಯೂಟರ್ ಕೆಟ್ಟ ಕುಂತೈತ್ರಿ. ಚಾಲೂ ಮಾಡಿದ್ರ ಬರೇ ನೀಲಿ ಬರಾಕತ್ತೈತಿ. ಮಂದಿ ಕಾಯಾಕತ್ತಾರ.”

ಮಾಸ್ತರರ ಮೈಯಲ್ಲಿ ಹೋದ ಪ್ರಾಣ ಮರಳಿತು. ಊರಿನಲ್ಲಿ ತಮ್ಮ ಬೆಲೆ ತಿಳಿದವನು ಒಬ್ಬನಾದರೂ ಇದ್ದಾನೆ! ಒಳಗಿದ್ದ ಯಶೋಧಾಳಿಗೆ ಕೇಳುವಂತೆ ಕೆಮ್ಮಿ, ಅಂಗಿಯ ತೋಳು ಮಡಚಿ, ಸ್ಕ್ರೂಡ್ರೈವರನ್ನು ಕಿಸೆಗೆ ಸಿಕ್ಕಿಸಿ, ಚಪ್ಪಲಿಯಲ್ಲಿ ಕಾಲಿಟ್ಟರು.

“ನಡೀರಿ ಮಲಿಕಸಾಬ್ರ, ನೋಡೇ ಬಿಡೂಣು!”

ಮಲಿಕಸಾಬ ಬಾಗಿಲಿಗೆ ಅಡ್ಡ ನಿಂತು, ಸಂಕೋಚದಿಂದ ಕತ್ತು ತುರಿಸಿಕೊಂಡ.

“ನೀವು ಬ್ಯಾಡ್ರಿ ಸರ್, ನೀವು ಕುಂಡ್ರಿ... ಆಯಿ ಮತ್ತ ಯಾವಾಗ ಬರ್ತಾರಂತ ಕೇಳಾಕ ಬಂದೇನ್ರಿ.”