ನಾಲ್ಕು ಹೊಸ ಚಕ್ರ, ಒಂದು ಹಳೆಯದು

ಬರೆದಿಡುವ ಚಟವಿರುವವರಿಗೆ ಒಂದು ಗರ್ವವಿರುತ್ತದೆ. ಬರೆದದ್ದೆಲ್ಲ ತಿಳಿದದ್ದು ಎಂದುಕೊಂಡಿರುತ್ತೇವೆ. ನನ್ನ ಡೈರಿಯಲ್ಲಿ ಹಾಲು ಒಡೆದ ದಿನ, ಕ್ಷೌರ ಮಾಡಿಸಿಕೊಂಡ ದಿನ, ಗೋಡೆ ಗಡಿಯಾರ ಎಷ್ಟು ನಿಮಿಷ ಹಿಂದೆ ಬಿತ್ತು, ಎಲ್ಲವೂ ಇದೆ. ಕಾರು ಬಂದ ಮೇಲೆ ಕಿಲೋಮೀಟರುಗಳೂ ಸೇರಿದವು. ಶಿವಮೊಗ್ಗದ ಕೋಟೆ ಪ್ರದೇಶದ ನಮ್ಮ ಮನೆಯಿಂದ ಭದ್ರಾವತಿಯ ಕಾಗದನಗರಕ್ಕೆ ಇಪ್ಪತ್ತೆರಡು. ಅಲ್ಲಿನ ಕ್ವಾರ್ಟರ್ಸಿನಲ್ಲಿ ಅಜ್ಜಿಯ ತಂಗಿ, ನಮ್ಮ ಚಿಕ್ಕಜ್ಜಿ, ಸೊಂಟದ ಮೂಳೆ ಮುರಿದು ಮಂಚ ಹಿಡಿದಿದ್ದಾರೆ. ಪ್ರತಿ ಭಾನುವಾರ ಅಜ್ಜಿಯನ್ನು ಕರೆದೊಯ್ಯುತ್ತಿದ್ದೆ. ಅವರು ತಂಗಿಯ ತಲೆಗೆ ಎಣ್ಣೆ ಹಚ್ಚಿ, ಬಾಚಿ, ಜಡೆ ಹಾಕುತ್ತಿದ್ದರು. ಬೇರೆ ಯಾರು ಬಾಚಿದರೂ ಚಿಕ್ಕಜ್ಜಿಗೆ ನೋಯುತ್ತದಂತೆ.

ನನ್ನದು ಎಸ್‌ಯುವಿ. ಅದರ ಚಕ್ರಗಳನ್ನು ನೋಡಿ ಆಫೀಸಿನ ಗೆಳೆಯನೊಬ್ಬ, "ಆನೆಗೆ ಆಡಿನ ಕಾಲು ಕಟ್ಟಿದಂಗಿದೆಯಲ್ಲೋ ಮಾರಾಯ" ಎಂದ. ಆ ಮಾತನ್ನೂ ಡೈರಿಯಲ್ಲಿ ಬರೆದುಕೊಂಡೆ. ಬರೆದದ್ದು ಮನಸ್ಸಿಗೆ ಇಳಿಯುತ್ತದೆ. ಹನ್ನೊಂದು ದಿನ ಯೋಚಿಸಿ, ಹನ್ನೆರಡನೆಯ ದಿನ ನಾಲ್ಕೂ ಚಕ್ರ ಬದಲಾಯಿಸಿ ದೊಡ್ಡ ಟಯರು ಹಾಕಿಸಿದೆ. ಹಳೆಯ ನಾಲ್ಕನ್ನು ಅಂಗಡಿಯವರೇ ಇಟ್ಟುಕೊಂಡರು. "ಸ್ಟೆಪ್ನಿ ಹಳೇದೇ ಇರ್ಲಿ ಬಿಡಿ ಸಾರ್, ಅದು ಯಾವಾಗ ಬೇಕಾಗತ್ತೆ?" ಎಂದರು. ಒಪ್ಪಿದೆ. ಟೇಪು ಹಿಡಿದು ಅಳೆದಾಗ ಕಾರು ಒಂದೂಕಾಲು ಇಂಚು ಎತ್ತರವಾಗಿತ್ತು. ಡೈರಿಯಲ್ಲಿ ಅದರ ಕೆಳಗೆ ಎರಡು ಗೆರೆ ಎಳೆದೆ.

ಮುಂದಿನ ಭಾನುವಾರ ಅಜ್ಜಿಗೆ ತಲೆನೋವು. ಅದರ ಮುಂದಿನ ಭಾನುವಾರ ಯಾರೋ ಬರುವವರಿದ್ದರು, ಯಾರೂ ಬರಲಿಲ್ಲ. ಮೂರನೆಯದಕ್ಕೆ, "ಫೋನಲ್ಲಿ ಮಾತಾಡಿದೀನಲ್ಲ, ನೀನೇ ಹೋಗ್ಬಾ" ಎಂದರು. ಮೂರೂ ಕಾರಣಗಳನ್ನು ತಾರೀಖು ಸಹಿತ ಬರೆದಿಟ್ಟೆ. ಆದರೆ ನನ್ನನ್ನು ನಿಜವಾಗಿ ಕಾಡುತ್ತಿದ್ದದ್ದು ಬೇರೆ. ಹಿಂದಿನ ವಾರ ಆಫೀಸಿನ ಕೆಲಸಕ್ಕೆ ಆ ಕಡೆ ಹೋಗಿದ್ದಾಗ ಮೀಟರಿನಲ್ಲಿ ಕಾಗದನಗರ ಒಂದೂವರೆ ಕಿಲೋಮೀಟರು ಹತ್ತಿರ ಬಂದಿತ್ತು. ಅಂಗಡಿಗೆ ಹೋಗಿ ಕೇಳಿದರೆ, "ಚಕ್ರ ದೊಡ್ಡದಾಯ್ತು, ಸುತ್ತು ಕಮ್ಮಿ ಆಯ್ತು. ಮೀಟರು ಸುತ್ತು ಎಣಿಸತ್ತೆ ಸಾರ್, ರಸ್ತೆ ಅಲ್ಲ" ಎಂದರು.

ಆ ಮೂರನೆಯ ಭಾನುವಾರ ಒಬ್ಬನೇ ಹೋದೆ. ಚಿಕ್ಕಜ್ಜಿಯ ಕೂದಲು ದಿಂಬಿನ ಮೇಲೆ ಸಿಕ್ಕುಗಟ್ಟಿ ಬಿದ್ದಿತ್ತು. ಸೊಸೆ ಬಾಚಣಿಗೆ ತಂದರೆ ಮುಖ ತಿರುಗಿಸಿಕೊಂಡರು. ನನ್ನ ಕೈ ಹಿಡಿದು, "ಅಕ್ಕಂಗೆ ನನ್ಮೇಲೆ ಏನಾದ್ರೂ ಬೇಜಾರಾ?" ಎಂದರು. ಡೈರಿಯಲ್ಲಿದ್ದ ಮೂರು ಕಾರಣಗಳನ್ನು ತಾರೀಖು ಸಹಿತ ಹೇಳಿದೆ. ಬೇಜಾರು ಅದರಲ್ಲಿ ಇರಲಿಲ್ಲ.

ಮನೆಗೆ ಬಂದು ಅಜ್ಜಿಗೆ ಚಿಕ್ಕಜ್ಜಿ ಕೇಳಿದ್ದನ್ನು ಹೇಳಿದೆ. ಅಜ್ಜಿ ಬಿಡಿಸುತ್ತಿದ್ದ ಅವರೆಕಾಯಿಯಿಂದ ಕಣ್ಣೆತ್ತಲಿಲ್ಲ.

"ನಿನ್ ಕಾರು ಹತ್ತಕ್ಕಾಗಲ್ಲ ಕಣೋ."

"ಒಂದೂಕಾಲು ಇಂಚು ಅಷ್ಟೇ ಅಜ್ಜಿ."

"ಇರ್ಬಹುದು. ಮೊದಲೇ ನನ್ ಕಾಲು ಎಷ್ಟು ಏಳತ್ತೋ ಅಷ್ಟೇ ಇತ್ತು ಅದು."

"ಹೇಳಿದ್ರೆ ನಾನೇ ಎತ್ತಿ ಕೂರಿಸ್ತಿದ್ದೆ."

"ಬೀದಿಯೋರ ಮುಂದೆ ಅಕ್ಕಿ ಮೂಟೆ ಎತ್ತಿದಂಗಾ?" ಇನ್ನೊಂದು ಕಾಯಿ ಬಿಡಿಸಿ, "ಭದ್ರಾವತಿ ಹತ್ರ ಬಂತು ಅಂತ ನೀನು ಲೆಕ್ಕ ಹಾಕ್ತಾ ಕೂತಿದೀಯ. ನಂಗೆ ದೂರ ಆಯ್ತು ನೋಡು" ಎಂದರು.

ಹತ್ತಲು ಕಾರಿನ ಪಕ್ಕಕ್ಕೆ ಮೆಟ್ಟಿಲು ಹಾಕಿಸುತ್ತೇನೆ ಎಂದೆ. "ಹಾಕ್ಸಿದ್ದು ಸಾಕು ಮಾರಾಯ" ಎಂದರು.

ಈಗ ಪ್ರತಿ ಭಾನುವಾರ ಡಿಕ್ಕಿಯಿಂದ ಆ ಹಳೆಯ ಸ್ಟೆಪ್ನಿ ಚಕ್ರ ಇಳಿಸಿ, ಕಾರಿನ ಬಾಗಿಲ ಪಕ್ಕ ಮಲಗಿಸಿ, ಮೇಲೆ ಊಟದ ಮಣೆ ಇಡುತ್ತೇನೆ. ಅಜ್ಜಿ ಬಾಗಿಲ ಹಿಡಿ ಹಿಡಿದು, ಯಾರ ಕೈಯನ್ನೂ ಹಿಡಿಯದೆ ಹತ್ತುತ್ತಾರೆ. ಕಾಗದನಗರದಲ್ಲಿ ಇಳಿಯಲೂ ಅದೇ. ವಾಪಸು ಬರುವಾಗಲೂ ಅದೇ. ದಿನಕ್ಕೆ ನಾಲ್ಕು ಸಲ. ಚಿಕ್ಕಜ್ಜಿಗೆ ಜಡೆ ಒಂದು.

ಚಿಕ್ಕಜ್ಜಿಯ ಪಕ್ಕದ ಕ್ವಾರ್ಟರ್ಸಿನವರೊಬ್ಬರು ಜಗಲಿಯಲ್ಲಿ ಕೂತು ಪ್ರತಿ ವಾರ ನೋಡುತ್ತಾರೆ. "ಮತ್ತೆ ಪಂಕ್ಚರ್ರಾ ತಮ್ಮಾ? ಹಳೇ ಟಯರೇ ಚೆನ್ನಾಗಿತ್ತು" ಎನ್ನುತ್ತಾರೆ. ನನ್ನ ಹಿಂದೆ ಅಜ್ಜಿ ಮಣೆಯ ಮೇಲೆ ಕಾಲಿಡುತ್ತಿರುತ್ತಾರೆ. ಅವರತ್ತ ಯಾರೂ ನೋಡದಿರಲಿ ಎಂದು ನಾನು ಮುಂದೆ ಬಂದು, "ಹೌದು ಸಾರ್, ಪಂಕ್ಚರ್ರು" ಎನ್ನುತ್ತೇನೆ.

ಇವತ್ತಿಗೆ ಡೈರಿಯ ಪ್ರಕಾರ ಹೊಸ ಟಯರು ಪಂಕ್ಚರಾದದ್ದು ಸೊನ್ನೆ ಸಲ. ಕಾಗದನಗರದ ಪ್ರಕಾರ ಆರು. ಎರಡನ್ನೂ ತಿದ್ದಲು ಹೋಗಿಲ್ಲ.