ನಾಲ್ಕು ಕಂಬ, ಒಂದು ನೀರಿನ ಪೈಪು

ಬೀದರಿನಲ್ಲಿ ಕಾರ್ ಶೆಡ್ ಹಾಕುವ ಕೆಲಸ ಹಿಡಿದ ಮೇಲೆ, ಪುಕ್ಕಟೆ ನಗದೆ ನಾನು ಮನೆಗೆ ಹೋದ ದಿನ ಕಡಿಮೆ. ಕೆಲಸ ಹೇಳುವುದಕ್ಕೆ ಇಷ್ಟೆ. ಅಂಗಳದಲ್ಲಿ ಕಬ್ಬಿಣದ ಕಂಬ ನಿಲ್ಲಿಸಬೇಕು, ಒಂದು ಸಾಲಿನ ಕಂಬಗಳ ತಲೆ ಒಂದೇ ಮಟ್ಟಕ್ಕೆ ಬರಬೇಕು, ಮೇಲೆ ತಗಡಿನ ಪತ್ರಾ ಹೊದಿಸಬೇಕು. ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಪೈಪು ಸಾಕು. ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ನನ್ನ ಜೋಡಿದಾರ ಉಸ್ತಾದರ ಕೈಯಲ್ಲಿ. ನೀರು ಸುಳ್ಳು ಹೇಳುವುದಿಲ್ಲ. ತಕರಾರೆಲ್ಲ ಸುತ್ತ ನಿಂತವರದು.

ಗಣಿತದ ಮೇಷ್ಟ್ರು

ಚಿದ್ರಿಯಲ್ಲಿ ಒಬ್ಬ ನಿವೃತ್ತ ಗಣಿತ ಮೇಷ್ಟ್ರು. ನಾವು ಹೋಗುವಷ್ಟರಲ್ಲಿ ತಾವೇ ನಾಲ್ಕು ಕಂಬ ಕೊಯ್ಯಿಸಿ ಇಟ್ಟಿದ್ದರು. ನಾಲ್ಕೂ ಒಂಬತ್ತು ಅಡಿ.

"ಸರ್, ಅಂಗಳ ಗೇಟಿನ ಕಡಿ ಇಳಿಜಾರದ. ಆ ಕಡಿ ಕಂಬ ಉದ್ದ ಬೇಕ್ರಿ," ಅಂದೆ.

"ಮೂವತ್ತು ವರ್ಷ ಗಣಿತ ಕಲಿಸೀನಿ. ನಾಲ್ಕೂ ಸಮ ಅದಾವ ಅಂದ್ರ ತಲಿನೂ ಸಮಾನೇ ಬರ್ತಾವ."

ಬಾಯಿಮಾತು ಬೇಡವೆಂದು ಕಂಬ ನಿಲ್ಲಿಸಿ, ಪೈಪು ಹಿಡಿದು ತೋರಿಸಿದೆವು. ಮನೆ ಕಡೆ ನೀರು ಕಂಬದ ತಲೆಗೆ ಸರಿಯಾಗಿ ನಿಂತಿತ್ತು. ಗೇಟಿನ ಕಡೆ ಕಂಬಕ್ಕಿಂತ ಒಂದು ಗೇಣು ಮೇಲಿತ್ತು. ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು.

"ಪೈಪಿನಾಗ ನೀರು ಜಾಸ್ತಿ ಹಾಕೀರಿ. ಜರಾ ಚೆಲ್ರಿ."

ಒಂದು ಲೋಟ ಚೆಲ್ಲಿದೆವು. ಎರಡೂ ಕಡೆ ಸಮನಾಗಿ ಇಳಿಯಿತು, ಫರಕು ಅಷ್ಟೇ ಉಳಿಯಿತು. ಮೇಷ್ಟ್ರು ಇನ್ನೊಂದು ಲೋಟ ಚೆಲ್ಲಿಸಿದರು. ಮೂರನೆಯದಕ್ಕೆ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ತಡೆಯಲಾರದೆ ಅಂದರು:

"ಈ ಮನಿಗಿ ಬಂದಾಗಿಂದ ಹೇಳ್ಲತ್ತೀನಿ, ಅಂಗಳ ಇಳಿಜಾರದ ಅಂತ. ಹೆಂಡ್ತಿ ಮಾತಂತೂ ಕೇಳಲಿಲ್ಲ, ಪೈಪಿನ ಮಾತಾದ್ರೂ ಕೇಳ್ರಿ!"

ಹೊರಸಿನ ಆಯಿ

ಭಾಲ್ಕಿಯ ಒಂದು ಮನೆ. ಪೈಪು ಹಿಡಿದು ಗುರುತು ಹಾಕಿದೆವು. ಖಾತ್ರಿಗೆಂದು ಮತ್ತೆ ಹಿಡಿದರೆ ನಾಲ್ಕು ಬೆರಳು ಫರಕು. ಗುರುತು ಒರೆಸಿ ಮತ್ತೆ ಹಾಕಿದೆವು. ಮತ್ತೆ ಫರಕು. ಒಮ್ಮೆ ನನ್ನ ಕಡೆ, ಒಮ್ಮೆ ಉಸ್ತಾದರ ಕಡೆ.

"ಉಸ್ತಾದ್, ಕಣ್ಣು ತೋರಿಸ್ಕೋರಿ," ಅಂದೆ.

"ಮೇರಿ ಆಂಖ್ ಬರಾಬರ್ ಹೈ! ತುಮಾರಾ ಪಾನೀಚ್ ಖರಾಬ್ ಹೈ!"

ತಮ್ಮ ಕಣ್ಣು ಸರಿಯಾಗೇ ಇದೆ, ನನ್ನ ನೀರೇ ಕೆಟ್ಟಿದೆ ಅಂತ ಅವರ ವಾದ. ಹದಿನೈದು ವರ್ಷದ ದೋಸ್ತಿ ಅವತ್ತು ಮುರಿಯುವುದರಲ್ಲಿತ್ತು. ಅವರು ರುಮಾಲು ಝಾಡಿಸಿ ಹೊರಟೇಬಿಟ್ಟರು. ಆಗ ಮನೆಯ ಯಜಮಾನ ಪೈಪಿನ ಜಾಡು ಹಿಡಿದು ಹೋಗಿ ನೋಡಿದ. ಪಡಸಾಲೆಯಲ್ಲಿ ಅವನ ತಾಯಿ ಹಗ್ಗದ ಹೊರಸಿನ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಹೊರಸಿನ ಕಾಲು ಸರಿಯಾಗಿ ನಮ್ಮ ಪೈಪಿನ ಮೇಲಿತ್ತು. ಆಯಿ ಕೂತರೆ ನೀರು ತಡೆಯುವುದು, ಎದ್ದರೆ ಹರಿಯುವುದು.

"ಆಯಿ, ನಿಮಗ ಗೊತ್ತಾಗಲಿಲ್ಲೇನ್ರಿ?" ಅಂದೆ.

"ಗೊತ್ತಾಗದೆ ಯಾನು? ನಾ ಎದ್ರ ಅಂವ ಒರಸ್ತಾನ, ನಾ ಕುಂತ್ರ ನೀ ಒರಸ್ತಿ. ಮಜಾ ಅನಿಸ್ತು, ಅದಕ್ಕೇ ಎದ್ದು ಕುಂತು ಮಾಡ್ಲತ್ತಿದ್ದೆ."

ಗೇಟಿನ ತನಕ ಹೋಗಿದ್ದ ಉಸ್ತಾದರು ಅದನ್ನು ಕೇಳಿ ನಗುತ್ತ ನಗುತ್ತ ವಾಪಸ್ ಬಂದರು. ಆಯಿ ಇಬ್ಬರಿಗೂ ಚಹಾ ಮಾಡಿಸಿ ಕೊಟ್ಟರು.

ಅಣ್ಣ ತಮ್ಮ

ಔರಾದಿನಲ್ಲಿ ಅಣ್ಣ ತಮ್ಮಂದಿರದು ಒಂದೇ ಅಂಗಳ, ಎರಡು ಕಾರು, ಒಂದು ಶೆಡ್ಡು. ಮಳೆ ನೀರು ಇಳಿಯಲು ಒಂದು ಕಡೆ ತುಸು ಗಿಡ್ಡ ಇಡಬೇಕಾಗುತ್ತದೆ ಅಂದದ್ದೇ ತಪ್ಪಾಯಿತು.

"ಗಿಡ್ಡ ಕಡಿ ಯಾರದು?" ಇಬ್ಬರೂ ಒಟ್ಟಿಗೆ ಕೇಳಿದರು.

"ನಾ ಹಿರ್ಯಾ," ಅಂದ ಅಣ್ಣ.

"ನನ್ನ ಗಾಡಿ ಎತ್ತರದ್ದು," ಅಂದ ತಮ್ಮ.

ಕಡೆಗೆ ಹಿಂದಿನ ಗೋಡೆಯ ಕಡೆ ಇಳಿಜಾರು ಕೊಟ್ಟು, ಮುಂದಿನ ಎರಡೂ ಕಂಬ ಸಮ ಇಡುವುದೆಂದು ಒಪ್ಪಿದರು. ನಾನು ಪೈಪು ಬಿಚ್ಚುತ್ತಿರುವಾಗ ಅಣ್ಣ ಬಂದು ಕಿವಿಯಲ್ಲಿ ಹೇಳಿದ: "ನಂದು ಒಂದು ಬೆರಳು ಎತ್ತರ ಇಡ್ರಿ. ಯಾರಿಗೂ ಹೇಳಬ್ಯಾಡ್ರಿ." ಚಹಾ ತರುವ ನೆಪದಲ್ಲಿ ತಮ್ಮನೂ ಬಂದು ಅದನ್ನೇ ಹೇಳಿದ.

ನಾನು ಇಬ್ಬರದೂ ಒಂದೊಂದು ಬೆರಳು ಎತ್ತರಿಸಿದೆ. ಎರಡೂ ಬರಾಬರ್ ಬಂದವು. ಇವತ್ತಿಗೂ ಔರಾದಿಗೆ ಹೋದರೆ ಅಣ್ಣ ಒಂದು ಕಡೆಯಿಂದ ಕಣ್ಣು ಹೊಡೆಯುತ್ತಾನೆ, ತಮ್ಮ ಇನ್ನೊಂದು ಕಡೆಯಿಂದ.

ದುಲ್ಹಾನ ಸವಾರಿ

ಇದು ಮಾತ್ರ ನಮ್ಮದೇ ತಪ್ಪು. ಬೀದರಿನ ಒಬ್ಬ ಬಟ್ಟೆ ಅಂಗಡಿ ಸೇಠರು ಹೊಸ ಕಾರು ತಂದಿದ್ದರು. ಅವರ ತಮ್ಮನ ಮಗನ ನಿಕಾಹ್ ಭಾಲ್ಕಿಯಲ್ಲಿ. ದುಲ್ಹಾ, ಅಂದರೆ ಮದುಮಗ, ಹೊಸ ಕಾರಿನಲ್ಲೇ ಹೋಗಬೇಕು, ಅಷ್ಟರೊಳಗೆ ಶೆಡ್ಡೂ ನಿಲ್ಲಬೇಕು.

"ಗಾಡಿ ಅಂಗಳದಾಗೇ ಅದ. ಅದರ ಬಗಲಿಗೇ ಕಂಬ ನಿಂದ್ರಸ್ರಿ, ಜಾಗಾ ಹಾಳಾಗಬಾರ್ದು," ಅಂದರು.

ಹಾಗೇ ಮಾಡಿದೆವು. ಎರಡೂ ಸಾಲಿನಲ್ಲಿ ಕಂಬಗಳ ತಲೆ ಒಂದೇ ಮಟ್ಟ, ಕೂದಲೆಳೆಯಷ್ಟೂ ಫರಕಿಲ್ಲ. ಕಾಂಕ್ರೀಟು ಹಾಕಿ, ನಾನು ಜೀವನದಲ್ಲಿ ಮೊದಲ ಸಲ ಬರೀ ಕಂಬಗಳ ಫೋಟೊ ತೆಗೆದುಕೊಂಡೆ. ಕಾಂಕ್ರೀಟು ಗಟ್ಟಿಯಾಗಲೆಂದು ಸೇಠರು ಮೂರು ದಿನ ತಾವೇ ನೀರು ಹೊಡೆದರು.

ನಿಕಾಹಿನ ಬೆಳಿಗ್ಗೆ ಫೋನು. "ಜಲ್ದಿ ಬರ್ರಿ!"

ಹೋಗಿ ನೋಡಿದರೆ ಕಾರಿನ ತುಂಬ ಹೂವು, ಒಳಗೆ ಶೇರ್ವಾನಿ ತೊಟ್ಟ ದುಲ್ಹಾ. ಕಾರು ಒಂದು ಮೊಳ ಮುಂದೆ ಬರುತ್ತದೆ, ಒಂದು ಮೊಳ ಹಿಂದೆ ಹೋಗುತ್ತದೆ. ಗೇಟಿಗೆ ತಿರುಗಬೇಕಾದ ಜಾಗದಲ್ಲೇ ನಮ್ಮ ಮೂರನೇ ಕಂಬ ನಿಂತಿದೆ! ನಾನು ಕಂಬ ತಳ್ಳಿ ನೋಡಿದೆ, ಅಲ್ಲಾಡಲಿಲ್ಲ. ಉಸ್ತಾದರು ಮಾತ್ರ ಕಂಬದ ತಲೆ ನೋಡಿ ಅಂದರು:

"ಸೇಠ್, ಲೆವೆಲ್ ಮಾತ್ರ ಇನ್ನಾ ಹಂಗೇ ಅದ."

"ದುಲ್ಹಾ ಲೆವೆಲ್ ಮ್ಯಾಲ ಕುಂತು ಭಾಲ್ಕಿಗಿ ಹೋಗ್ತಾನೇನು?"

ಕಂಬ ಕೊಯ್ಯಲು ಹೊತ್ತಿಲ್ಲ. ಬಾರಾತಿನ, ಅಂದರೆ ದಿಬ್ಬಣದ, ಗಾಡಿಗಳೆಲ್ಲ ಮುಂದೆ ಹೋಗಿಯಾಗಿತ್ತು. ಉಳಿದದ್ದು ನಮ್ಮ ಟೆಂಪೊ ಒಂದೇ. ವೆಲ್ಡಿಂಗ್ ಮಷಿನ್ ಇಳಿಸಿ, ಸೇಠರನ್ನು ಹಿಂದೆ ಕುರ್ಚಿ ಹಾಕಿ ಕೂಡಿಸಿ, ದುಲ್ಹಾನನ್ನು ನಮ್ಮಿಬ್ಬರ ನಡುವೆ ಒತ್ತಿಕೊಂಡು ಹೊರಟೆವು. ಹುಡುಗ ಕಾಲೇಜಿನಲ್ಲಿ ಪಾಠ ಹೇಳುವವನು. ದಾರಿಯುದ್ದಕ್ಕೂ ಶೇರ್ವಾನಿಗೆ ಎಣ್ಣೆ ಕಲೆ ಹತ್ತದಂತೆ ಹಿಡಿದುಕೊಂಡೇ ಕೂತಿದ್ದ. ಹುಡುಗಿ ಕಡೆಯವರು ಏನನ್ನುತ್ತಾರೋ ಎಂಬುದೇ ನನಗೆ ಚಿಂತೆ.

ಶಾದಿಖಾನೆಯ ಮುಂದೆ ಟೆಂಪೊ ನಿಂತಿತು. ಹುಡುಗಿಯ ಅಜ್ಜ ಹಾರ ಹಿಡಿದು ಮುಂದೆ ಬಂದವರು ಹಾಗೇ ನಿಂತುಬಿಟ್ಟರು. ಟೆಂಪೊದ ಮೇಲಿದ್ದ ಬೋರ್ಡನ್ನು ನಿಧಾನವಾಗಿ ಓದಿದರು: "ಗೇಟು, ಗ್ರಿಲ್, ಕಾರ್ ಶೆಡ್ ಮಾಡಿಕೊಡಲಾಗುವುದು." ಇಳಿಯುತ್ತಿದ್ದ ದುಲ್ಹಾನನ್ನು ಮೇಲಿಂದ ಕೆಳಗೆ ನೋಡಿದರು. ಅವರ ಮುಖ ಅರಳಿತು.

"ಮಾಶಾ ಅಲ್ಲಾ! ಹುಡುಗ ಬರೀ ಕಾಲೇಜಿನಾಗ ಕಲಿಸ್ತಾನ ಅಂದಿದ್ರಿ. ಕೈಯಾಗ ಒಂದು ಕಸಬೂ ಅದ ಅಂತ ಮೊದಲೇ ಹೇಳಿದ್ರ, ನಾವು ಆರು ತಿಂಗಳು ಯಾಕ ವಿಚಾರ ಮಾಡ್ತಿದ್ವಿ!"